ಇಂಟರ್‌ಸೆಪ್ಟರ್‌ಗಳು ಖಾಲಿಯಾದರೆ?

ಪ್ರಶ್ನೆ: ಕ್ಷಿಪಣಿಗಳ ವೇಗ ಹೆಚ್ಚುತ್ತಲೇ ಇದೆ, ಡ್ರೋನ್‌ಗಳು ಹಿಂಡುಹಿಂಡಾಗಿ ಬರುತ್ತಿವೆ. ಇವನ್ನು ತಡೆಯುವ ವ್ಯವಸ್ಥೆಗಳು ಅಷ್ಟೇ ಬೇಗ ಸುಧಾರಿಸಲು ಸಾಧ್ಯವೇ?

ಉತ್ತರ: ತಂತ್ರಜ್ಞಾನದ ಮಟ್ಟಿಗೆ, ಸ್ವಲ್ಪ ತಡವಾಗಿಯಾದರೂ ಸಾಧ್ಯ. ಆ ತಡಕ್ಕೆ ತೆರಬೇಕಾದ ಬೆಲೆ ಮಾತ್ರ ಸಣ್ಣದಲ್ಲ.

1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ಕೊನೆಯ ದಿನಗಳಲ್ಲಿ, ಇರಾಕಿನ ಒಂದು ಸ್ಕಡ್ ಕ್ಷಿಪಣಿ ಸೌದಿ ಅರೇಬಿಯದ ದಹ್ರಾನ್‌ನಲ್ಲಿ ಅಮೆರಿಕದ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ಬಿತ್ತು. 28 ಮಂದಿ ಸತ್ತರು. ಅಲ್ಲಿ ಕಾವಲಿಗಿದ್ದ ಪೇಟ್ರಿಯಟ್ ಎಂಬ ಕ್ಷಿಪಣಿ ತಡೆ ವ್ಯವಸ್ಥೆ ಒಂದೂ ಕ್ಷಿಪಣಿ ಹಾರಿಸಲಿಲ್ಲ. ಅದರ ಕಂಪ್ಯೂಟರ್ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು. ಆ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ತಿಯಾಗಿ ಬರೆಯಲು ಬರುವುದಿಲ್ಲ. 24 ಬಿಟ್‌ಗೆ ಕತ್ತರಿಸಿದರೆ ಪ್ರತಿ ಸಲ ಒಂದು ಚೂರು ತಪ್ಪಿಹೋಗುತ್ತದೆ. ನೂರು ಗಂಟೆ ಬಿಡುವಿಲ್ಲದೆ ಓಡಿದ ಯಂತ್ರದಲ್ಲಿ ಆ ಚೂರುಗಳೆಲ್ಲ ಸೇರಿ ಸುಮಾರು 0.34 ಸೆಕೆಂಡ್ ಆಗಿದ್ದವು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಮುಂದೆ ಹೋಗಿರುತ್ತದೆ. ರೇಡಾರ್ ಅದು ಇಲ್ಲದ ಕಡೆ ಹುಡುಕಿತು. ತಿದ್ದಿದ ಸಾಫ್ಟ್‌ವೇರ್ ದಹ್ರಾನ್ ತಲುಪಿದ್ದು ಮರುದಿನ.

ಅದೇ ಪೇಟ್ರಿಯಟ್‌ನ ಸುಧಾರಿತ ರೂಪ 2023ರ ಮೇ ತಿಂಗಳಲ್ಲಿ, ಯಾರೂ ತಡೆಯಲಾರರೆಂದು ರಷ್ಯಾ ಹೇಳಿಕೊಂಡಿದ್ದ ಕಿಂಜಾಲ್ ಕ್ಷಿಪಣಿಯನ್ನು ಕೀವ್ ಬಳಿ ಹೊಡೆದುರುಳಿಸಿತು. ವೇಗವೊಂದೇ ಆಗಿದ್ದರೆ ಲೆಕ್ಕ ಹಾಕಬಹುದು. ನಿಜವಾದ ಕಷ್ಟ ರಷ್ಯಾದ ಅವನ್‌ಗಾರ್ಡ್, ಚೀನಾದ ಡಿಎಫ್-17ರಂಥ ಕ್ಷಿಪಣಿಗಳದ್ದು. ಇವು ವಾತಾವರಣದ ಮೇಲ್ಪದರದಲ್ಲಿ ಜಾರುತ್ತ ದಾರಿ ಬದಲಿಸುತ್ತವೆ. ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗಿಂತ ಕೆಳಮಟ್ಟದಲ್ಲಿ ಬರುವುದರಿಂದ, ಭೂಮಿಯ ವಕ್ರತೆಯ ಆಚೆಯಿರುವಾಗ ನೆಲದ ರೇಡಾರಿಗೆ ಕಾಣುವುದಿಲ್ಲ. ಅದಕ್ಕೇ ಈಗ ಉಪಗ್ರಹಗಳ ಮೇಲೆ ಸೆನ್ಸರ್ ಇಡುವ ಪ್ರಯತ್ನ ನಡೆದಿದೆ.

ಆದರೆ ನನಗೆ ಇದಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದು ಇಂಟರ್‌ಸೆಪ್ಟರ್‌ಗಳ, ಅಂದರೆ ಬರುವ ಕ್ಷಿಪಣಿಯನ್ನು ಹೊಡೆದುರುಳಿಸುವ ಕ್ಷಿಪಣಿಗಳ, ದಾಸ್ತಾನು. ಪೇಟ್ರಿಯಟ್‌ನ ಒಂದು ಪಿಎಸಿ-3 ಇಂಟರ್‌ಸೆಪ್ಟರ್‌ಗೆ ಸುಮಾರು 40 ಲಕ್ಷ ಡಾಲರ್. 2024ರಲ್ಲಿ ತಯಾರಾದದ್ದು 500ರಷ್ಟು. ಒಂದು ಬ್ಯಾಲಿಸ್ಟಿಕ್ ಕ್ಷಿಪಣಿಗೆ ಎರಡು ಇಂಟರ್‌ಸೆಪ್ಟರ್ ಹಾರಿಸುವುದು ಸಾಮಾನ್ಯ ರೂಢಿ. ಅತ್ತ ಇರಾನಿನ ಶಾಹೆದ್ ಡ್ರೋನ್ ಕೆಲವು ಹತ್ತು ಸಾವಿರ ಡಾಲರ್‌ಗಳಲ್ಲಿ ಮುಗಿಯುತ್ತದೆ. 2024ರ ಏಪ್ರಿಲ್‌ನಲ್ಲಿ ಇರಾನ್ ಒಂದೇ ರಾತ್ರಿ ಕಳಿಸಿದ 300ಕ್ಕೂ ಹೆಚ್ಚು ಡ್ರೋನ್, ಕ್ಷಿಪಣಿಗಳಲ್ಲಿ ಬಹುಪಾಲನ್ನು ಇಸ್ರೇಲ್ ತಡೆದದ್ದು ನಿಜ. ಜೊತೆಗೆ ಅಮೆರಿಕ, ಬ್ರಿಟನ್, ಫ್ರಾನ್ಸ್, ಜೋರ್ಡಾನ್ ಇದ್ದವು. ಅದೇ ವರ್ಷದ ಅಕ್ಟೋಬರ್ 1ರಂದು ಇರಾನಿನಿಂದ ಬರೀ ಬ್ಯಾಲಿಸ್ಟಿಕ್ ಕ್ಷಿಪಣಿಗಳೇ ಬಂದಾಗ ಇಸ್ರೇಲಿನ ನೆವಾಟಿಮ್ ವಾಯುನೆಲೆಯ ಮೇಲೆ ಹಲವು ಬಿದ್ದವು.

ಅಗ್ಗದ ಆಯುಧಕ್ಕೆ ಅಗ್ಗದ ಉತ್ತರವೇ ಬೇಕು. ಲೇಸರ್ ಒಂದು ದಾರಿ, ಆದರೆ ಮೋಡ, ಧೂಳು ಅದರ ಬಲ ಕುಗ್ಗಿಸುತ್ತವೆ. ಹಳೆಯ ಫಿರಂಗಿ ಇನ್ನೊಂದು ದಾರಿ. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದಲ್ಲಿ ವಾಯುರಕ್ಷಣಾ ವ್ಯವಸ್ಥೆ ಎಸ್-400 ಎಲ್ಲರ ಬಾಯಲ್ಲಿತ್ತು. ನನಗೆ ಮುಖ್ಯವೆನಿಸಿದ್ದು ಪಾಕಿಸ್ತಾನದ ಡ್ರೋನ್‌ಗಳನ್ನು ಉರುಳಿಸಲು ನಮ್ಮ ಸೇನೆ ಬಳಸಿದ ದಶಕಗಳ ಹಳೆಯ ಎಲ್-70 ಫಿರಂಗಿ. ಅದಕ್ಕೆ ಹೊಸ ಕಣ್ಣು ಕೂರಿಸಿ ಮರುಜೀವ ಕೊಟ್ಟದ್ದು ಬೆಂಗಳೂರಿನ ಬಿಇಎಲ್. ಆ ವರ್ಷದ ಆಗಸ್ಟ್ 15ರಂದು ಪ್ರಧಾನಿ ಘೋಷಿಸಿದ ಸುದರ್ಶನ ಚಕ್ರ ವಾಯುರಕ್ಷಣಾ ಯೋಜನೆಗೆ 2035ರ ಗಡುವಿದೆ. ಅಷ್ಟರೊಳಗೆ ನಮ್ಮ ಕಾರ್ಖಾನೆಗಳಿಂದ ವರ್ಷಕ್ಕೆ ಎಷ್ಟು ಇಂಟರ್‌ಸೆಪ್ಟರ್ ಹೊರಬರುತ್ತವೆ ಎಂಬುದನ್ನು, ಅವು ಎಷ್ಟು ದೂರ ಹಾರುತ್ತವೆ ಎಂಬುದಕ್ಕಿಂತ ಮೊದಲು ನಾವು ಕೇಳಬೇಕು.