ಬಾಣಂತಿಗೆ ನೀರು ಕೊಡಿ

ಕಲಬುರಗಿ ಸೀಮೆಯಲ್ಲಿ ಬೇಸಿಗೆ ಬಿಸಿಲು 42 ಡಿಗ್ರಿ ದಾಟುತ್ತದೆ. ಅಂಥ ಉರಿಯಲ್ಲೂ ಬಾಣಂತಿಗೆ ನೀರು ಕಡಿಮೆ ಕೊಡುವ ಹಿರಿಯರಿದ್ದಾರೆ. ಹೊಟ್ಟೆ ಬರುತ್ತದೆ, ನಂಜಾಗುತ್ತದೆ ಎಂಬ ಹೆದರಿಕೆ ಅವರದು. ಆದರೆ ಹಾಲೂಡಿಸುವ ತಾಯಿಗೆ ಬಾಯಾರಿಕೆ ಹೆಚ್ಚು. ಈ ಸೀಮೆಯ ನಂದೂರಿನಂಥ ಊರಲ್ಲಿ ಆಕೆಯ ಪಕ್ಕದಲ್ಲಿ ಕಾಯಿಸಿ ಆರಿಸಿದ ನೀರಿನ ತಂಬಿಗೆ ಸದಾ ಇರಲಿ.

ಕೂಸಿಗೆ ಮಾತ್ರ ಆರು ತಿಂಗಳವರೆಗೆ ಹನಿ ನೀರೂ ಬೇಡ. ತಾಯಿಯ ಹಾಲಿನಲ್ಲೇ ಬೇಕಾದಷ್ಟು ನೀರಿದೆ. ಹುಟ್ಟಿದ ಒಂದು ತಾಸಿನೊಳಗೆ ಮೊಲೆ ಹಿಡಿಸಬೇಕು. ಮೊದಲು ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ರೋಗ ತಡೆಯುವ ಶಕ್ತಿ ಇರುವುದೇ ಅದರಲ್ಲಿ. ಜೇನು, ಸಕ್ಕರೆ ನೀರು ನೆಕ್ಕಿಸುವುದೂ ಬೇಡ.

ಇನ್ನು ಬಸುರಿಯರ ಮಾತು. ನಾಲ್ಕನೇ ತಿಂಗಳಿಂದ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೊಂದರಂತೆ 180 ದಿನ ನುಂಗಬೇಕು, ಹೆರಿಗೆಯ ನಂತರವೂ ಅಷ್ಟೇ ದಿನ. ಮಲ ಕಪ್ಪಾಯಿತೆಂದು ಗಾಬರಿಯಾಗಿ ಬಿಡುವವರೇ ಬಹಳ, ಅದು ಸಹಜ. ಚಹಾದ ಜೊತೆ ನುಂಗಿದರೆ ಮಾತ್ರೆ ಮೈಗೆ ಹತ್ತದು, ನಿಂಬೆರಸದ ಜೊತೆ ಒಳ್ಳೆಯದು. ನಮ್ಮ ತೊಗರಿ ಬ್ಯಾಳಿ, ಮೆಂತ್ಯೆ ಪಲ್ಯ, ಜ್ವಾಳದ ರೊಟ್ಟಿ ತಾಟಿನಲ್ಲಿರಲಿ.

2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಬಿಸಿಯೂಟ ಸಿಗುತ್ತದೆ. ನಾಚಿಕೆ ಪಡದೆ ಹೋಗಿ ಉಣ್ಣಿ ತಂಗಿಯರೇ, ಅದು ನಿಮ್ಮ ಹಕ್ಕು.

ಬಸುರಿಗೆ ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಬಾತರೆ, ರಕ್ತ ಹೋದರೆ, ಹೊಟ್ಟೆಯೊಳಗಿನ ಕೂಸಿನ ಅಲುಗಾಟ ತಗ್ಗಿದರೆ ಬೆಳಗಿನವರೆಗೆ ಕಾಯಬೇಡಿ. ತಪಾಸಣೆಯ ವಿವರವಿರುವ ತಾಯಿ ಕಾರ್ಡ್ ಹಿಡಿದು 108 ಆಂಬುಲೆನ್ಸ್‌ಗೆ ಕರೆ ಮಾಡಿ.