ಸಮುದಾಯ ಕಾಲೇಜಿನಿಂದ ಸಂವಹನ ಪದವಿಗೆ: ಕ್ಯಾಲಿಫೋರ್ನಿಯಾ ಮಾದರಿಯ ಮುಖ್ಯಾಂಶಗಳು

ಏನಿದು?

ಮೊದಲ ಎರಡು ವರ್ಷ ಸಮುದಾಯ ಕಾಲೇಜಿನಲ್ಲಿ ಓದಿ, ಗಳಿಸಿದ ಯೂನಿಟ್‌ಗಳ ಸಮೇತ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಸೇರುವುದೇ ಟ್ರಾನ್ಸ್‌ಫರ್. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಸೇರುವ ಲ್ಯಾಟರಲ್ ಎಂಟ್ರಿಗೆ ಇದು ಹತ್ತಿರ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಪ್ರವೇಶ ಪರೀಕ್ಷೆ ಇಲ್ಲ. ಯಾವ ಕೋರ್ಸು ಓದಿದ್ದೀರಿ, ಯಾವ ಗ್ರೇಡು ಬಂದಿದೆ ಎಂಬುದೇ ಲೆಕ್ಕ. ಸೇರಬೇಕಾದ ಕ್ಯಾಂಪಸ್ಸನ್ನು ಮೊದಲು ಗೊತ್ತುಮಾಡಿಕೊಂಡು ಕೋರ್ಸುಗಳನ್ನು ಆಮೇಲೆ ಆರಿಸಬೇಕು. ಬಹಳ ಮಂದಿ ಇದನ್ನೇ ತಿರುಗುಮುರುಗಾಗಿ ಮಾಡಿ ಒಂದು ವರ್ಷ ಹೆಚ್ಚು ಓದುತ್ತಾರೆ.

ನೆನಪಿಡಬೇಕಾದ ಇಸವಿಗಳು

- 1901: ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು.
- 1910: ಕ್ಯಾಲಿಫೋರ್ನಿಯಾದಲ್ಲಿ ಮೊದಲನೆಯದು, ಫ್ರೆಸ್ನೊದಲ್ಲಿ.
- 1947: ಟ್ರೂಮನ್ ಆಯೋಗದ ವರದಿ, ‘ಸಮುದಾಯ ಕಾಲೇಜು’ ಎಂಬ ಹೆಸರು ಬಳಕೆಗೆ ಬಂದದ್ದು ಇದರಿಂದ.
- 1960: ಕ್ಯಾಲಿಫೋರ್ನಿಯಾದ ಉನ್ನತ ಶಿಕ್ಷಣ ಮಾಸ್ಟರ್ ಪ್ಲಾನ್.
- 2010: ಎಸ್‌ಬಿ 1440 ಕಾಯ್ದೆ, ಟ್ರಾನ್ಸ್‌ಫರ್‌ಗೆಂದೇ ಹೊಸ ಪದವಿ.
- 2021: ಎಬಿ 928 ಮತ್ತು ಎಬಿ 1111 ಕಾಯ್ದೆಗಳು.

ಈ ಪಟ್ಟಿಯಲ್ಲಿ ತೂಕದ ಇಸವಿ 1960. ಹೈಸ್ಕೂಲಿನ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ), ಮೂರನೇ ಒಂದು ಭಾಗಕ್ಕೆ ಈಗ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ (ಸಿಎಸ್‌ಯು) ಎನಿಸಿಕೊಂಡಿರುವ ಸ್ಟೇಟ್ ಕಾಲೇಜುಗಳು, ಓದಬೇಕೆನ್ನುವ ಎಲ್ಲರಿಗೂ ಸಮುದಾಯ ಕಾಲೇಜು ಎಂದು ಆ ಯೋಜನೆ ಹಂಚಿತು. ಕೆಳಗಿನ ಬಾಗಿಲಲ್ಲಿ ಬಂದವರಿಗೆ ಮೇಲೆ ಜಾಗ ಉಳಿಯಲೆಂದು, ವಿಶ್ವವಿದ್ಯಾಲಯಗಳಲ್ಲಿ ಮೇಲಿನ ಎರಡು ವರ್ಷ ಮತ್ತು ಕೆಳಗಿನ ಎರಡು ವರ್ಷಗಳ ವಿದ್ಯಾರ್ಥಿಗಳ ಪ್ರಮಾಣ 60:40 ಇರಬೇಕೆಂದಿತು. ಇದರ ಹಿಂದಿನ ಮುಖ್ಯ ಹೆಸರು ಆಗಿನ ಯುಸಿ ಅಧ್ಯಕ್ಷ ಕ್ಲಾರ್ಕ್ ಕೆರ್.

ಎಡಿಟಿ: ಖಾತರಿ ಎಷ್ಟು, ಎಲ್ಲಿಗೆ?

ಎಸ್‌ಬಿ 1440ರಿಂದ ಬಂದದ್ದು ‘ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್’, ಚಿಕ್ಕದಾಗಿ ಎಡಿಟಿ. ಕಾಯ್ದೆ ಮಂಡಿಸಿದವರು ಆಗ ರಾಜ್ಯ ಸೆನೆಟರ್ ಆಗಿದ್ದ ಅಲೆಕ್ಸ್ ಪಡಿಲ್ಲ. 60 ಸೆಮಿಸ್ಟರ್ ಯೂನಿಟ್ (ಕ್ವಾರ್ಟರ್ ಪದ್ಧತಿಯಲ್ಲಿ 90), ಅದರಲ್ಲಿ ಕನಿಷ್ಠ 18 ಮುಖ್ಯ ವಿಷಯದಲ್ಲಿ, ಜಿಪಿಎ 2.0. ಇಷ್ಟಿದ್ದರೆ ಸಿಎಸ್‌ಯುನಲ್ಲಿ ಮೂರನೇ ವರ್ಷಕ್ಕೆ ಸೀಟು ಖಾತರಿ. ಅಲ್ಲಿ ಹೋದ ಮೇಲೆ ಇನ್ನು 60 ಯೂನಿಟ್‌ಗಿಂತ ಹೆಚ್ಚು ಓದಿಸುವಂತಿಲ್ಲ.

ಇಲ್ಲೇ ಒಂದು ಬಲೆ ಇದೆ: ಖಾತರಿ ಇರುವುದು ಸಿಎಸ್‌ಯು ವ್ಯವಸ್ಥೆಗೆ, ಬೇಕೆಂದ ಕ್ಯಾಂಪಸ್ಸಿಗಲ್ಲ. ಅರ್ಜಿ ಹೆಚ್ಚು ಬರುವ ಕ್ಯಾಂಪಸ್ಸು ‘ಇಲ್ಲ’ ಎನ್ನಬಹುದು. ಯುಸಿಗೆ ಎಸ್‌ಬಿ 1440 ಅನ್ವಯಿಸುವುದೇ ಇಲ್ಲ.

ಸಂವಹನಕ್ಕೆ ಬೇಕಾದ ಕೋರ್ಸುಗಳು

ಎಡಿಟಿಯ ಹೆಸರು ‘ಕಮ್ಯುನಿಕೇಷನ್ ಸ್ಟಡೀಸ್’. ಕಡ್ಡಾಯ ಕೋರ್ಸು ಒಂದೇ, ಸಾರ್ವಜನಿಕ ಭಾಷಣ. ಅದರ ಜೊತೆಗೆ ವಾದ ಮತ್ತು ಚರ್ಚೆ, ಅಂತರ್‌ವ್ಯಕ್ತಿ ಸಂವಹನ, ಸಣ್ಣ ಗುಂಪಿನ ಸಂವಹನ. ಮುಂದಿನ ಆಯ್ಕೆಗಳಲ್ಲಿ ಅಂತರ್‌ಸಂಸ್ಕೃತಿ ಸಂವಹನ, ಮನವೊಲಿಕೆ, ಸಂವಹನ ಸಿದ್ಧಾಂತ, ಸಮೂಹ ಮಾಧ್ಯಮ ಪರಿಚಯ ಇತ್ಯಾದಿ. ಪತ್ರಿಕೋದ್ಯಮಕ್ಕೆ ಬೇರೆಯೇ ಎಡಿಟಿ ಇದೆ. ಸಿನಿಮಾ ಮತ್ತು ಟೆಲಿವಿಷನ್‌ಗೆ ಮತ್ತೊಂದು. ವರದಿಗಾರರಾಗಬೇಕೆಂದು ಬಂದವರು ‘ಸಂವಹನ’ ಎಂಬ ಬೋರ್ಡು ನೋಡಿ ಒಳಗೆ ಹೋದರೆ ಸಿಗುವುದು ಸುದ್ದಿಮನೆಯಲ್ಲ, ವೇದಿಕೆ.

ಅದಕ್ಕೆ ಕಾರಣ ಇತಿಹಾಸದಲ್ಲಿದೆ. 1914ರಲ್ಲಿ 17 ಮಂದಿ ಭಾಷಣ ಅಧ್ಯಾಪಕರು ಇಂಗ್ಲಿಷ್ ಅಧ್ಯಾಪಕರ ಮಂಡಳಿಯಿಂದ ಹೊರಬಂದು ತಮ್ಮದೇ ಸಂಘ ಕಟ್ಟಿಕೊಂಡರು. ಇಂದಿನ ನ್ಯಾಷನಲ್ ಕಮ್ಯುನಿಕೇಷನ್ ಅಸೋಸಿಯೇಷನ್ ಅದೇ. ಅಮೆರಿಕದ ಸಂವಹನ ವಿಭಾಗಗಳಲ್ಲಿ ಅನೇಕವು ಮೊದಲು ‘ಸ್ಪೀಚ್’ ವಿಭಾಗಗಳಾಗಿದ್ದವು.

ಈ ಭಾಷಣ ಕೋರ್ಸಿನ ಮೇಲೆ ಎರಡು ನಿಮಿಷ ಹೆಚ್ಚು ಖರ್ಚು ಮಾಡಿದರೆ ನಷ್ಟವಿಲ್ಲ. ಮಾಹಿತಿ ಕೊಡುವ ಭಾಷಣ, ಮನವೊಲಿಸುವ ಭಾಷಣ ಎರಡನ್ನೂ ಸಭಿಕರ ಮುಂದೆ ನೇರವಾಗಿ, ಅಧ್ಯಾಪಕರು ಕೂತು ನೋಡುತ್ತಿರುವಾಗಲೇ ಮಾಡಬೇಕು. ಬರೆದುಕೊಂಡದ್ದನ್ನು ಓದಿದರೆ ಅಂಕ ಹೋಯಿತು. ಮೊದಲೇ ರೂಪುರೇಷೆ ಒಪ್ಪಿಸಬೇಕು. ಅಂಕಿಅಂಶ ಹೇಳಿದರೆ ಅದು ಯಾರ ವರದಿ, ಯಾವ ವರ್ಷದ್ದು ಎಂಬುದನ್ನು ಬಾಯಲ್ಲೇ ಹೇಳಬೇಕು. ಸಿಎಸ್‌ಯು ಇದನ್ನು ಸಂವಹನ ವಿದ್ಯಾರ್ಥಿಗಷ್ಟೇ ಅಲ್ಲ, ಎಲ್ಲ ವಿಭಾಗದವರಿಗೂ ಕಡ್ಡಾಯ ಮಾಡಿದೆ. ಭಾಷಣ, ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಗಣಿತ: ಈ ನಾಲ್ಕಕ್ಕೆ ಅಲ್ಲಿನ ಅಡ್ಡಹೆಸರು ‘ಗೋಲ್ಡನ್ ಫೋರ್’.

ಯುಸಿ ಮೊದಲು ಭಾಷಣವನ್ನು ಕೇಳುತ್ತಿರಲಿಲ್ಲ. ಎಬಿ 928 ಎರಡೂ ವ್ಯವಸ್ಥೆಗಳಿಗೆ ಒಂದೇ ಸಾಮಾನ್ಯ ಶಿಕ್ಷಣ ಮಾದರಿ ಬೇಕೆಂದಿತು. ಅದರ ಫಲ 2025ರ ಶರತ್ಕಾಲದಲ್ಲಿ ಜಾರಿಗೆ ಬಂದ ಕ್ಯಾಲ್-ಜಿಇಟಿಸಿ: 11 ಕೋರ್ಸು, 34 ಯೂನಿಟ್, ಪ್ರತಿಯೊಂದರಲ್ಲೂ ಕನಿಷ್ಠ ಸಿ ಗ್ರೇಡು. ಸಿ ಮೈನಸ್ ನಡೆಯುವುದಿಲ್ಲ. ಭಾಷಣ ಈಗ ಈ ಮಾದರಿಯ ಭಾಗ. ಹೊಸದಾಗಿ ಸೇರುವವರಿಗೆ ಹಳೆಯ ಐಜಿಇಟಿಸಿ ಮಾದರಿ ಇಲ್ಲ.

ಎಬಿ 1111 ಮಾಡಿದ್ದು ಇನ್ನೊಂದು ಉಪಕಾರ. ಒಂದೇ ಪಾಠಕ್ಕೆ ಒಂದೊಂದು ಕಾಲೇಜಿನಲ್ಲಿ ಒಂದೊಂದು ನಂಬರು ಇದ್ದದ್ದನ್ನು ಅದು ತಪ್ಪಿಸುತ್ತಿದೆ. 2025ರ ಶರತ್ಕಾಲದಿಂದ ಸಾರ್ವಜನಿಕ ಭಾಷಣಕ್ಕೆ ರಾಜ್ಯದಾದ್ಯಂತ ‘ಕಾಮ್ ಸಿ1000’ ಎಂಬ ಒಂದೇ ಸಂಖ್ಯೆ.

ಯುಸಿ ದಾರಿ

ಜಿಪಿಎ ಕನಿಷ್ಠ 2.4, ಹೊರರಾಜ್ಯ ಮತ್ತು ಹೊರದೇಶದವರಿಗೆ 2.8. ಇದು ಅರ್ಹತೆಯ ಗೆರೆ ಮಾತ್ರ. ಪೈಪೋಟಿ ಇದಕ್ಕಿಂತ ಬಹಳ ಮೇಲೆ ನಡೆಯುತ್ತದೆ.

ಟ್ಯಾಗ್ ಎಂಬ ಪ್ರವೇಶ ಖಾತರಿ ಒಪ್ಪಂದ ಆರು ಕ್ಯಾಂಪಸ್‌ಗಳಲ್ಲಿದೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಸೆಪ್ಟೆಂಬರ್ 1ರಿಂದ 30ರೊಳಗೆ ಒಂದೇ ಒಂದು ಕ್ಯಾಂಪಸ್ಸಿಗೆ ಹಾಕಬಹುದು. ಟ್ಯಾಗ್ ಹಾಕಿದ ಮಾತ್ರಕ್ಕೆ ಅರ್ಜಿ ಹಾಕಿದಂತಲ್ಲ. ಅಕ್ಟೋಬರ್‌-ನವೆಂಬರ್‌ನಲ್ಲಿ ಮೂಲ ಅರ್ಜಿಯನ್ನೂ ಸಲ್ಲಿಸಬೇಕು. ಜನವರಿಯಲ್ಲಿ ಹೊಸ ಗ್ರೇಡುಗಳನ್ನು ಸೇರಿಸಬೇಕು.

ಒಂದೇ ವಿಷಯವಾದರೂ ಒಂದೊಂದು ಕ್ಯಾಂಪಸ್ಸಿನ ಹದ ಬೇರೆ. ಸಾಂಟಾ ಬಾರ್ಬರಾದಲ್ಲಿ ಸಂವಹನವೆಂದರೆ ಸಮಾಜ ವಿಜ್ಞಾನ. ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ ದಾಟದೆ ಮುಂದೆ ಹೋಗಲಾಗದು. ಮಾಧ್ಯಮ ಸಾಮ್ರಾಜ್ಯಶಾಹಿಯ ಕಟುವಿಮರ್ಶಕ ಹರ್ಬರ್ಟ್ ಶಿಲ್ಲರ್ ಕಲಿಸಿದ ಸ್ಯಾನ್ ಡಿಯಾಗೊದಲ್ಲಿ ಮಾಧ್ಯಮ, ಅಧಿಕಾರ, ಸಂಸ್ಕೃತಿಯ ಚರ್ಚೆಗೆ ಮಹತ್ವ. ಬರ್ಕ್ಲಿಯಲ್ಲಿ ಇರುವುದು ಮೀಡಿಯಾ ಸ್ಟಡೀಸ್. ಯಾವ ಕಾಲೇಜಿನ ಯಾವ ಕೋರ್ಸು ಎಲ್ಲಿ ಸಲ್ಲುತ್ತದೆ ಎಂದು ನೋಡಲು ರಾಜ್ಯದ ಅಧಿಕೃತ ತಾಣ ‘ಅಸಿಸ್ಟ್’.

ಹಣ, ವೀಸಾ, ಕನ್ನಡ

ಸಮುದಾಯ ಕಾಲೇಜಿನಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, ಅಂದರೆ 60 ಯೂನಿಟ್‌ಗೆ 2,760 ಡಾಲರ್. ಇಲ್ಲಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಈ ದರವಿಲ್ಲ, ಅದರ ಹಲವು ಪಟ್ಟು ಕೊಡಬೇಕು. ಅವರು ಪ್ರತಿ ಅವಧಿಯಲ್ಲೂ ಕನಿಷ್ಠ 12 ಯೂನಿಟ್ ಓದಬೇಕು; ಆನ್‌ಲೈನ್ ತರಗತಿಗಳಲ್ಲಿ ಒಂದು ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. ಕಾಲೇಜು ಬದಲಾಯಿಸುವಾಗ ಸೆವಿಸ್ ಎಂಬ ವೀಸಾ ವಿದ್ಯಾರ್ಥಿಗಳ ದಾಖಲೆ ಹೊಸ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಹೊಸ ಐ-20 ಪತ್ರ ಬರಬೇಕು.

ಕ್ಯುಪರ್ಟಿನೊ, ಸನಿವೇಲ್ ಕಡೆಯ ಕನ್ನಡ ಕುಟುಂಬಗಳಿಗೆ ಪಕ್ಕದಲ್ಲೇ ಇರುವ ಡಿ ಆ್ಯಂಜಾ ಕಾಲೇಜು ಕ್ವಾರ್ಟರ್ ಪದ್ಧತಿಯದು; ಅಲ್ಲಿ ಯೂನಿಟ್‌ಗಳನ್ನು 90ರ ಲೆಕ್ಕದಲ್ಲೇ ಎಣಿಸಬೇಕು.

ಐಜಿಇಟಿಸಿಯಲ್ಲಿ ಯುಸಿಗೆ ಹೋಗುವವರಿಗೆ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆ ಬರಬೇಕೆಂಬ ನಿಯಮವಿತ್ತು. ಆರನೇ ತರಗತಿ ಅಥವಾ ಅದಕ್ಕಿಂತ ಮೇಲೆ ಎರಡು ವರ್ಷ ಇಂಗ್ಲಿಷೇತರ ಮಾಧ್ಯಮದಲ್ಲಿ ಓದಿದ್ದರೆ ಅದು ಪೂರೈಸಿದಂತೆ. ಕ್ಯಾಲ್-ಜಿಇಟಿಸಿ ಈ ಕಲಮನ್ನು ಕೈಬಿಟ್ಟಿದೆ. ಆದರೂ ಯುಸಿಯ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ (ಯುಸಿಎಲ್‌ಎ) ಲೆಟರ್ಸ್ ಅಂಡ್ ಸೈನ್ಸ್ ಕಾಲೇಜು ಪದವಿ ಕೊಡುವ ಮುನ್ನ ಅನ್ಯಭಾಷೆಯನ್ನು ಕೇಳುತ್ತದೆ. ಹಾಗಾಗಿ ಕನ್ನಡ ಮಾಧ್ಯಮದ ಹೈಸ್ಕೂಲು ದಾಖಲೆಗಳನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡೇ ವಿಮಾನ ಹತ್ತುವುದು ಲೇಸು.