*ಸಾರಾಯಿ ಅಂಗಡಿ ಮತ್ತು ಉಸ್ಲಿ ಅಜ್ಜಿ*



*ಇಂದಿನ ಧಮ್ಮ ಚಿಂತನೆ: ಐದನೆಯ ಶೀಲ*



ಪಂಚಶೀಲದ ಐದನೆಯ ಶೀಲದಲ್ಲಿ ಸುರಾ, ಮೇರಯ, ಮಜ್ಜ ಎಂಬ ಪದಗಳಿವೆ. ಇವೆಲ್ಲ ಮತ್ತೇರಿಸುವ ಪಾನೀಯಗಳು. ಜೊತೆಗೆ 'ಪಮಾದ' ಎಂಬ ಪದವೂ ಇದೆ. ಪಮಾದ ಅಂದರೆ ಎಚ್ಚರ ತಪ್ಪುವುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲೂ ಮದ್ಯ ಮುಟ್ಟುವುದಿಲ್ಲ ಎಂಬುದು ಸೇರಿದೆ. ನಾನು ಈ ಶೀಲದ ಅರ್ಥ ಕಲಿತದ್ದು ನಮ್ಮೂರಿನ ಸಾರಾಯಿ ಅಂಗಡಿಯ ಎದುರಿಗೆ.

ನಮ್ಮದು ಚಾಮರಾಜನಗರ ಜಿಲ್ಲೆಯ ಊರು. ಬಸ್ ಸ್ಟಾಂಡಿಗೂ ನಮ್ಮ ಬೀದಿಗೂ ನಡುವೆ ಆ ಹೆಂಚಿನ ಅಂಗಡಿ ಇತ್ತು. ಕಂಬಿ ಕಿಟಕಿಯಲ್ಲಿ ದುಡ್ಡು ಕೊಟ್ಟರೆ ಪಾಕೀಟು ಬರುತ್ತಿತ್ತು. ಹಲ್ಲಿನಲ್ಲಿ ಕಚ್ಚಿ ಕುಡಿದು ಬಿಸಾಡಿದ ಪಾಕೀಟುಗಳು ಚರಂಡಿ ತುಂಬ ಬಿದ್ದಿರುತ್ತಿದ್ದವು. ಅರಿಶಿನ, ಕಬ್ಬಿನ ಹೊಲದ ಕೂಲಿ ಶನಿವಾರ ಬಟವಾಡೆ ಆದರೆ ಅರ್ಧ ಅಲ್ಲೇ ಕರಗುತ್ತಿತ್ತು.

ನಮ್ಮ ಹಿರಿಯರು ಅಲ್ಲಿಗೇ ಯಾಕೆ ಹೋಗುತ್ತಿದ್ದರು? ಊರಿನ ಹೋಟೆಲಿನಲ್ಲಿ ನಮಗೆ ಬೇರೆ ಲೋಟ. ಗುಡಿಯ ಒಳಗೆ ಬಿಡುತ್ತಿರಲಿಲ್ಲ. ಸಾರಾಯಿ ಅಂಗಡಿಯಲ್ಲಿ ಮಾತ್ರ ಯಾರೂ ಜಾತಿ ಕೇಳುತ್ತಿರಲಿಲ್ಲ, ದುಡ್ಡು ಕೇಳುತ್ತಿದ್ದರು. ದಿನವಿಡೀ ಬಗ್ಗಿ ದುಡಿದವರು ಬೆಂಚಿನ ಮೇಲೆ ನೆಟ್ಟಗೆ ಕೂತು ಕಷ್ಟಸುಖ ಮಾತಾಡಲು ಸಿಕ್ಕ ಜಾಗ ಅದೊಂದೇ. ನಮ್ಮವರನ್ನು 'ಕುಡುಕರು' ಎಂದು ಹೀಗಳೆಯುವವರು ಇದನ್ನು ತಿಳಿಯಬೇಕು. ತೆರೆದಿದ್ದ ಒಂದೇ ಬಾಗಿಲು ನಮ್ಮನ್ನು ಮುಳುಗಿಸುವ ಬಾಗಿಲಾಗಿತ್ತು.

*ಸಿಗಾಲೋವಾದ ಸುತ್ತದ ಪಾಠ*

ರಾಜಗೃಹದಲ್ಲಿ ಸಿಗಾಲ ಎಂಬ ಗೃಹಸ್ಥನ ಮಗನಿಗೆ ಭಗವಾನ್ ಬುದ್ಧರು ಕುಡಿತದ ಆರು ಕೇಡುಗಳನ್ನು ಹೇಳಿದರು. ಕಣ್ಣೆದುರೇ ಹಣ ಹೋಗುತ್ತದೆ, ಜಗಳ ಹೆಚ್ಚುತ್ತದೆ, ರೋಗ ಬರುತ್ತದೆ, ಹೆಸರು ಕೆಡುತ್ತದೆ, ನಾಚಿಕೆ ಹೋಗುತ್ತದೆ, ಬುದ್ಧಿ ಮಂಕಾಗುತ್ತದೆ. ನನ್ನ ದೊಡ್ಡಪ್ಪನಲ್ಲಿ ಈ ಆರನ್ನೂ ಒಂದೊಂದಾಗಿ ನೋಡಿದ್ದೇನೆ. ಮೊದಲು ಕೂಲಿ ಹೋಯಿತು, ಆಮೇಲೆ ದೊಡ್ಡಮ್ಮನ ಓಲೆ ಹೋಯಿತು, ಕೊನೆಗೆ ಲಿವರ್ ಹೋಯಿತು.

ಅದೇ ಸುತ್ತದಲ್ಲಿ ಗೆಳೆಯರ ಬಗ್ಗೆಯೂ ಪಾಠವಿದೆ. ಕುಡಿಯುವಾಗ ಮಾತ್ರ ಗೆಳೆಯನಾಗಿರುವವನು ಒಬ್ಬ, ಅವನು 'ಪಾನಸಖ'. ನಿಜವಾದ ಗೆಳೆಯ ಬೇರೆ. ನೀನು ಎಚ್ಚರ ತಪ್ಪಿದಾಗ ಅವನು ನಿನ್ನನ್ನೂ ನಿನ್ನ ಸೊತ್ತನ್ನೂ ಕಾಯುತ್ತಾನೆ, ಭಯದಲ್ಲಿ ಆಸರೆಯಾಗುತ್ತಾನೆ.

ಆ ಅಂಗಡಿಯ ಮುಂದೆ ಒಬ್ಬ ಅಜ್ಜಿ ಕಡ್ಲೆ ಉಸ್ಲಿ ಮಾರುತ್ತಿದ್ದಳು. ದೊಡ್ಡಪ್ಪ ಕಿಟಕಿಗೆ ಹೋಗುವ ಮೊದಲೇ ಅವನ ಕೂಲಿಯಲ್ಲಿ ಒಂದಿಷ್ಟು ಕಿತ್ತುಕೊಂಡು ಸೆರಗಿನ ಗಂಟಿಗೆ ಕಟ್ಟುತ್ತಿದ್ದಳು. ರಾತ್ರಿ ನಮ್ಮ ಬೀದಿಗೆ ಬಂದು ದೊಡ್ಡಮ್ಮನ ಕೈಗೆ ಕೊಡುತ್ತಿದ್ದಳು. ಎಷ್ಟೋ ವಾರ ನಮ್ಮ ಮಕ್ಕಳ ಮುದ್ದೆಯ ರಾಗಿ ಬಂದದ್ದು ಆ ಗಂಟಿನಿಂದ. ದೊಡ್ಡಪ್ಪ ಆಸ್ಪತ್ರೆಯಲ್ಲಿ ಮಲಗಿದಾಗ ಬೆಂಚಿನ ಗೆಳೆಯರು ಬರಲಿಲ್ಲ, ಅಜ್ಜಿ ಬಂದಳು. ಅವಳಿಗೆ ಪಾಲಿ ಗೊತ್ತಿರಲಿಲ್ಲ, ಸುತ್ತದ ಹೆಸರೂ ಗೊತ್ತಿರಲಿಲ್ಲ. ಎಚ್ಚರ ತಪ್ಪಿದವನ ಸೊತ್ತು ಕಾಯುವುದು ಗೊತ್ತಿತ್ತು.

*ಅಂಗಡಿ ಹೋಯಿತು, ಆಮೇಲೆ?*

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅಂಗಡಿಗೆ ಬೀಗ ಬಿತ್ತು. ಕೆಲವು ವರ್ಷಗಳ ನಂತರ ರಸ್ತೆ ಅಗಲ ಮಾಡಲು ಕಟ್ಟಡವನ್ನೂ ಕೆಡವಿದರು. ಈಗ ಅಲ್ಲಿ ಡಾಂಬರು. ಆದರೆ ಪಾಕೀಟಿನ ಜಾಗಕ್ಕೆ 90 ಎಂ.ಎಲ್. ಟೆಟ್ರಾ ಪ್ಯಾಕ್ ಬಂದಿದೆ. ನಮ್ಮ ಹುಡುಗರು ಮೋರಿ ಕಟ್ಟೆಯ ಮೇಲೆ ಒಬ್ಬೊಬ್ಬರೇ ಕೂತು ಕುಡಿಯುತ್ತಾರೆ. ಗೋಡೆ ಕೆಡವಲು ಜೆಸಿಬಿ ಸಾಕು, ಚಟ ಬಿಡಿಸಲು ಜನ ಬೇಕು.

ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಸೇರುತ್ತಿದ್ದ ಹೆಂಗಸರೇ ಸಾರಾಯಿ ವಿರೋಧಿ ಚಳವಳಿಗೆ ಕಿಡಿ ಹಚ್ಚಿದರು. 1993ರ ಅಕ್ಟೋಬರಿನಲ್ಲಿ ಆ ರಾಜ್ಯದಲ್ಲಿ ಸಾರಾಯಿ ನಿಂತಿತು. ಜನ ಕಲಿಯಲು ಒಟ್ಟಿಗೆ ಕೂತರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ವಿಹಾರದ ಚಾಪೆಯೂ ಅಂಥ ಜಾಗವಾಗಬೇಕು. ಬೇರೆ ಲೋಟ ಇಲ್ಲದ, ದುಡ್ಡೂ ಕೇಳದ ಜಾಗ.

*ಇಂದಿನ ಅಭ್ಯಾಸ*

1. ಕುಡಿದಿರುವವರ ಜೊತೆ ವಾದ ಬೇಡ. ಮಾರನೆಯ ಬೆಳಿಗ್ಗೆ ಹೋಗಿ ಮಾತಾಡಿಸಿ.

2. ಬಟವಾಡೆಯ ಸಂಜೆ ಅಂಥ ಒಬ್ಬರ ಜೊತೆ ಮನೆಯವರೆಗೆ ನಡೆದು ಬನ್ನಿ.

3. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್, ಗೊಂದಲ ಬರಬಹುದು. ಇದು ಅಪಾಯ. ಬಿಡಿಸುವ ಮೊದಲೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

4. ಭಾನುವಾರದ ವಂದನೆಗೆ ಅವರನ್ನೂ ಕರೆಯಿರಿ, ಪಕ್ಕದಲ್ಲೇ ಕೂರಿಸಿಕೊಳ್ಳಿ.

ಶೀಲ ನಾವು ಪಾಲಿಸಿದರೆ ನಮ್ಮ ಮನೆ ಉಳಿಯುತ್ತದೆ. ಎಚ್ಚರ ತಪ್ಪಿದವನನ್ನು ಕಾದರೆ ಬೀದಿಯೇ ಉಳಿಯುತ್ತದೆ.

ಓದಿದವರು ಮನೆಯ ಹಿರಿಯರಿಗೂ ಓದಿ ಹೇಳಿ.

ಭವತು ಸಬ್ಬ ಮಂಗಲಂ 🙏
ಜೈ ಭೀಮ್ 💙